ಮೂರು ವರ್ಷ ಸ್ಮಾರ್ಟ್ ಪ್ಲಗ್ ಬಳಸಿದ ಮೇಲೆ: ಕೆಲಸ ಚೆನ್ನಾಗಿದೆ, ಜೋಡಿಸುವುದೇ ತಲೆನೋವು

ನಮ್ಮ ಮನೆ ತುಮಕೂರಿನಲ್ಲಿ. ಗೀಸರ್‌ಗೆ ಒಂದು ಸ್ಮಾರ್ಟ್ ಪ್ಲಗ್, ಹಾಲ್‌ಗೊಂದು ವರಾಂಡಕ್ಕೊಂದು ಸ್ಮಾರ್ಟ್ ಬಲ್ಬ್, ಅಂದರೆ ವೈಫೈಗೆ ಸೇರಿಸಿ ಫೋನಿನ ಆಪ್‌ನಿಂದಲೇ ಆನ್ ಆಫ್ ಮಾಡುವಂಥವು, ಹಾಕಿ ಮೂರು ವರ್ಷ ಆಯಿತು. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವಳು, ಹಗಲೆಲ್ಲ ಮನೆಯಲ್ಲಿ ಇರುವುದು ಅಮ್ಮ ಒಬ್ಬಳೇ. ಹಾಗಾಗಿ ಈ ಸಾಮಾನು ಚೆನ್ನಾಗಿದೆಯಾ ಅಂತ ಯಾರಾದರೂ ಕೇಳಿದರೆ ನಾನು ನೋಡುವುದು ಒಂದೇ, ಇದು ಮುನಿಸಿಕೊಂಡು ಕೂತಾಗ ಅಮ್ಮನ ಕೈಲಿ ಸರಿ ಮಾಡಲು ಆಗುತ್ತಾ ಅಂತ. ಕಂಪನಿ ಹೆಸರು ಬರೆದಿಲ್ಲ. ಈ ಗೋಳು ಒಂದೇ ಕಂಪನಿಯದ್ದಲ್ಲ.

ಪ್ಲಗ್ ಮಾಡುವ ಕೆಲಸದ ಬಗ್ಗೆ ದೂರಿಲ್ಲ. ಬೆಳಿಗ್ಗೆ 5.30ಕ್ಕೆ ಆನ್, 6ಕ್ಕೆ ಆಫ್. ಇಂಟರ್ನೆಟ್ ಇಲ್ಲದ ದಿನವೂ ಟೈಮರ್ ತಪ್ಪಿಲ್ಲ. ಕೊಳ್ಳುವವರು ಒಂದು ನೋಡಿಕೊಳ್ಳಿ, ಗೀಸರ್‌ಗೆ 16 ಆಂಪಿಯರ್‌ನದ್ದೇ ಬೇಕು. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ 6 ಆಂಪಿಯರ್‌ನದ್ದು ತಂದು ಹಾಕಿದರೆ ಕರಗಿಹೋಗುತ್ತದೆ.

ಇನ್ನು ಜೋಡಿಸುವ ಕಥೆ. ಮೊದಲ ದಿನ ನನಗೇ ಒಂದೂವರೆ ಗಂಟೆ ಹಿಡಿಯಿತು. ಆಪ್ ಹಾಕಿಕೋ, ಖಾತೆ ತೆರೆ, ಓಟಿಪಿ ಕೊಡು, ಆಮೇಲೆ ನೀನು ಎಲ್ಲಿದ್ದೀಯ ಅಂತ ಲೊಕೇಶನ್ ಅನುಮತಿ ಕೊಡು! ಬಲ್ಬ್‌ಗೆ ನನ್ನ ವಿಳಾಸ ಯಾಕೆ ಬೇಕು ಅಂತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅಕ್ಕಪಕ್ಕದ ವೈಫೈ ಹೆಸರು ನೋಡಿದರೆ ಫೋನ್ ಎಲ್ಲಿದೆ ಅಂತ ಕಂಡುಹಿಡಿಯಬಹುದು, ಅದಕ್ಕೇ ಆಂಡ್ರಾಯ್ಡ್‌ನಲ್ಲಿ ವೈಫೈ ಹುಡುಕುವ ಆಪ್‌ಗಳು ಆ ಅನುಮತಿ ಕೇಳುತ್ತವೆ. ಇದನ್ನು ಆಪ್‌ನಲ್ಲೇ ಒಂದು ಸಾಲು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?

ಆಮೇಲೂ ಪ್ಲಗ್ ಸಿಗಲಿಲ್ಲ. ಸುಮ್ನೆ 'ವಿಫಲ' ಅಂತ ಬರುತ್ತಿತ್ತು, ಯಾಕೆ ಅಂತ ಇಲ್ಲ. ವಿಷಯ ಇಷ್ಟೇ. ಇಂಥ ಪ್ಲಗ್, ಬಲ್ಬ್‌ಗಳಲ್ಲಿ ಹೆಚ್ಚಿನವಕ್ಕೆ ಕೇಳಿಸುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ. ಈಗಿನ ರೂಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತವೆ, ಫೋನ್ ಹೋಗಿ 5ರಲ್ಲಿ ಕೂತಿರುತ್ತದೆ, ಅದು ಪ್ಲಗ್‌ಗೆ ಕೇಳಿಸಲ್ಲ. ನಾನು ಮಾಡಿದ ಉಪಾಯ ಕೇಳಿದರೆ ನಗುತ್ತೀರಿ. 2.4 ಗೋಡೆ ದಾಟಿ ದೂರ ಹೋಗುತ್ತದೆ, 5 ಅಷ್ಟು ಹೋಗಲ್ಲ ಅಲ್ವಾ, ಅದಕ್ಕೆ ಪ್ಲಗ್ಗನ್ನು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತೆ. ಫೋನ್ ತಾನಾಗಿಯೇ 2.4ಕ್ಕೆ ಇಳಿಯಿತು, ಪ್ಲಗ್ ಸಿಕ್ಕಿತು. ಅಮ್ಮ ಬಾಗಿಲಲ್ಲಿ ನಿಂತು, "ಗೀಸರ್ ಇರೋದು ಬಚ್ಚಲಲ್ಲಿ, ನೀನು ಯಾಕೆ ಹಿತ್ತಲಿಗೆ ಬಂದೆ?" ಅಂತ ಕೇಳಿದಳು. ಏನಂತ ಹೇಳಲಿ.

ನಿಜವಾದ ಪರೀಕ್ಷೆ ಬಂದಿದ್ದು ಒಂದೂವರೆ ವರ್ಷದ ಮೇಲೆ. ನೆಟ್ ಹುಡುಗ ಬಂದು ಹಳೇ ರೂಟರ್ ಕಿತ್ತು ಹೊಸದು ಹಾಕಿ ಹೋದ. ಹೊಸ ಹೆಸರು, ಹೊಸ ಪಾಸ್‌ವರ್ಡ್. ಮನೆಯಲ್ಲಿದ್ದ ಸ್ಮಾರ್ಟ್ ಸಾಮಾನೆಲ್ಲ ಒಂದೇ ಏಟಿಗೆ ಅನಾಥ. ನಾನು ರೈಲಿನಲ್ಲಿ, ಅಮ್ಮ ಫೋನಿನಲ್ಲಿ.

"ಬಟನ್ ಐದು ಸೆಕೆಂಡ್ ಒತ್ತಿ ಹಿಡ್ಕೋ ಅಮ್ಮ. ಲೈಟ್ ಬೇಗ ಬೇಗ ಮಿನುಗ್ತಿದೆಯಾ, ನಿಧಾನಕ್ಕಾ?"

"ಬೇಗ ಅಂದ್ರೆ ಎಷ್ಟು ಬೇಗನೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪ್‌ನಲ್ಲೂ ಇಲ್ಲ. ಅಲ್ಲಿ ಬರೆದಿದ್ದು ಬೇಗ ಮಿನುಗಿದರೆ ಒಂದು ದಾರಿ, ನಿಧಾನಕ್ಕೆ ಮಿನುಗಿದರೆ ಇನ್ನೊಂದು ದಾರಿ ಅಂತ ಅಷ್ಟೇ. ಕೊನೆಗೆ ಅಮ್ಮನೇ ಹೇಳಿದಳು, "ಗಣಪತಿ ಹಬ್ಬದ ಸೀರಿಯಲ್ ಸೆಟ್ ಥರ ಮಿನುಗ್ತಿದೆ ಕಣೇ." ಹಾಗಾದರೆ ಬೇಗ! ಆ ಕಂಪನಿಯವರ ಪುಸ್ತಕಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಬೇಗದ ದಾರಿಯಲ್ಲಿ ಆಗಲಿಲ್ಲ, ನಿಧಾನದ ದಾರಿಗೆ ಹೋದೆವು. ಅದರಲ್ಲಿ ಪ್ಲಗ್ ತನ್ನದೇ ಒಂದು ಪುಟ್ಟ ವೈಫೈ ಹಚ್ಚಿಕೊಂಡು ಕೂರುತ್ತದೆ, ಫೋನ್ ಹೋಗಿ ಅದಕ್ಕೆ ಸೇರಬೇಕು. ಸೇರಿದ ಕೂಡಲೇ ಫೋನ್ ಕೇಳುತ್ತದೆ: ಇದರಲ್ಲಿ ಇಂಟರ್ನೆಟ್ ಇಲ್ಲ, ಇಲ್ಲೇ ಇರಬೇಕಾ? ಬುದ್ಧಿ ಇರುವ ಯಾರೇ ಆದರೂ ಬೇಡ ಅಂತಾರೆ. ಅಮ್ಮನೂ ಬೇಡ ಅಂದಳು. ಅಲ್ಲಿಗೆ ಕೆಲಸ ಕೆಟ್ಟಿತು. ನಾನು ಬಿಡಿಸಿ ಹೇಳುವಷ್ಟರಲ್ಲಿ ನಿಡವಂದ ದಾಟಿ ಸಿಗ್ನಲ್ ಹೋಯಿತು. ಅವತ್ತು ಅಮ್ಮ ಪ್ಲಗ್ ಕಿತ್ತು ಬದಿಗಿಟ್ಟು, ಗೀಸರನ್ನು ನೇರ ಗೋಡೆಗೇ ಸಿಕ್ಕಿಸಿ ನೀರು ಕಾಯಿಸಿಕೊಂಡಳು.

ಆಮೇಲೆ ತಿಳಿದ ಸುಲಭದ ದಾರಿ ಇದು, ಯಾರೂ ಹೇಳಿಕೊಡಲ್ಲ. ರೂಟರ್ ಬದಲಾದರೆ ಹೊಸದಕ್ಕೂ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಇಡಿ. ಪ್ಲಗ್‌ಗೆ ರೂಟರ್ ಬದಲಾಗಿದ್ದೇ ಗೊತ್ತಾಗಲ್ಲ, ತಾನಾಗಿ ಬಂದು ಸೇರಿಕೊಳ್ಳುತ್ತದೆ. ನೆಟ್ ಹುಡುಗ ಮನೆಯಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ, ಅವನಿಗೆ ಎರಡು ನಿಮಿಷದ ಕೆಲಸ.

ಬಲ್ಬ್‌ಗಳದ್ದು ಬೇರೆಯೇ ರಗಳೆ. ನಮ್ಮ ಬಲ್ಬನ್ನು ರೀಸೆಟ್ ಮಾಡಬೇಕಾದರೆ ಮೂರು ಸಲ ಬೇಗ ಬೇಗ ಆಫ್ ಆನ್ ಮಾಡಬೇಕು. ಮಳೆಗಾಲದ ಸಂಜೆ ಗುಡುಗು ಶುರುವಾದರೆ ನಮ್ಮ ಬೀದಿಯಲ್ಲಿ ಕರೆಂಟೂ ಅದನ್ನೇ ಮಾಡುತ್ತದೆ! ಹೋಯಿತು, ಬಂತು, ಹೋಯಿತು, ಬಂತು. ಬಲ್ಬ್ ಪಾಪ, ಯಜಮಾನರು ರೀಸೆಟ್ ಮಾಡುತ್ತಿದ್ದಾರೆ ಅಂದುಕೊಂಡು ಎಲ್ಲ ಮರೆತು ಪಕಪಕ ಅನ್ನಲು ಶುರು. ಹಾಲ್‌ನದ್ದನ್ನು ಯುಪಿಎಸ್ ಲೈನಿಗೆ ಹಾಕಿಸಿದ ಮೇಲೆ ಆ ಕಾಟ ನಿಂತಿತು. ವರಾಂಡದ್ದನ್ನು ತೆಗೆದು ಮಾಮೂಲಿ ಬಲ್ಬ್ ಹಾಕಿದೆ.

ಇಷ್ಟೆಲ್ಲ ಆದಾಗ ನನಗೆ ನೆನಪಾಗಿದ್ದು ಗುಬ್ಬಿ ಹತ್ತಿರ ತೋಟ ಇಟ್ಟಿರುವ ನಮ್ಮ ಮಾವ. ಅವರ ಬೋರ್‌ವೆಲ್ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಇದೆ. ಒಂದು ಡಬ್ಬ, ಒಳಗೊಂದು ಸಿಮ್. ಮಾವ ತಮ್ಮ ಬಟನ್ ಫೋನಿನಿಂದ ಕಾಲ್ ಮಾಡುತ್ತಾರೆ, ಮೋಟರ್ ಆನ್ ಆಗುತ್ತದೆ. ತ್ರೀ ಫೇಸ್ ಕರೆಂಟ್ ಬಂದರೆ ಡಬ್ಬವೇ ಕಾಲ್ ಮಾಡಿ ಕನ್ನಡದಲ್ಲಿ ಹೇಳುತ್ತದೆ. ಆಪ್ ಇಲ್ಲ, ಖಾತೆ ಇಲ್ಲ, ಪಾಸ್‌ವರ್ಡ್ ಇಲ್ಲ. ಸಿಮ್‌ಗೆ ರೀಚಾರ್ಜ್ ಮರೆಯಬಾರದು, ಅಷ್ಟೇ. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇಷ್ಟು ಸುಲಭ ಮಾಡಲು ಬರುತ್ತದೆ ಅಂದಮೇಲೆ ಬಚ್ಚಲ ಗೀಸರ್‌ಗೆ ಯಾಕೆ ಬರಲ್ಲ?

ಸ್ವಲ್ಪ ಬರುತ್ತಿದೆ ಅನ್ನಿ. ಹೋದ ವರ್ಷ ಮಿಕ್ಸಿ ಪಕ್ಕದ ದೀಪಕ್ಕೆ ಇನ್ನೊಂದು ಪ್ಲಗ್ ತಂದೆ, ಇದು ಮ್ಯಾಟರ್ ಗುರುತಿನದ್ದು. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲರೂ ಸೇರಿ ಸ್ಮಾರ್ಟ್ ಸಾಮಾನು ಜೋಡಿಸಲು ಒಪ್ಪಿಕೊಂಡ ಒಂದೇ ಪದ್ಧತಿ, 2022ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಪ್ಲಗ್ ಮೇಲೆ ಒಂದು ಕ್ಯೂಆರ್ ಕೋಡ್, ಪಕ್ಕದಲ್ಲಿ 11 ಅಂಕಿ. ಸ್ಕ್ಯಾನ್ ಮಾಡಿದರೆ ಫೋನ್ ಬ್ಲೂಟೂತ್‌ನಲ್ಲಿ ಅದನ್ನು ಹುಡುಕಿ ವೈಫೈ ಪಾಸ್‌ವರ್ಡ್ ತಾನೇ ದಾಟಿಸುತ್ತದೆ. ಅಂಗಡಿಯಲ್ಲಿ ಫೋನ್‌ಪೇ ಮಾಡಿ ಅಭ್ಯಾಸ ಇದೆಯಲ್ಲ, ಅಮ್ಮ ನನ್ನ ಫೋನ್ ಹಿಡಿದು ಒಬ್ಬಳೇ ಮಾಡಿದಳು. ನಾನು ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದೆ. "ಇಷ್ಟೇನಾ?" ಅಂದಳು.

ಇಷ್ಟೇ ಅಲ್ಲ, ಎರಡು ಮಾತು ಇವೆ. ಮ್ಯಾಟರ್ ಸಾಮಾನಿಗೆ ಸಾಮಾನ್ಯವಾಗಿ ಮನೆಯಲ್ಲಿ ಸ್ಮಾರ್ಟ್ ಸ್ಪೀಕರ್ ಥರದ ಒಂದು ಹಬ್, ಅಂದರೆ ಇವನ್ನೆಲ್ಲ ನೋಡಿಕೊಳ್ಳುವ ಮುಖ್ಯ ಯಂತ್ರ, ಬೇಕಾಗುತ್ತದೆ, ಅದನ್ನು ಡಬ್ಬದ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರು. ನಮ್ಮಲ್ಲಿ ಸ್ಪೀಕರ್ ಮೊದಲೇ ಇತ್ತು, ಬಚಾವ್. ಇನ್ನೊಂದು, ಆ ಕೋಡ್ ಇರುವುದು ಪ್ಲಗ್‌ನ ಹಿಂಬದಿಗೆ. ಗೋಡೆಗೆ ಸಿಕ್ಕಿಸಿದರೆ ಕಾಣಲ್ಲ, ರೀಸೆಟ್ ಮಾಡಿದ ದಿನ ಮತ್ತೆ ಅದೇ ಬೇಕು. ಮೊದಲೇ ಫೋಟೋ ತೆಗೆದಿಡಿ. ಅಮ್ಮ ಆ 11 ಅಂಕಿಯನ್ನು ಅಡುಗೆಮನೆ ಕ್ಯಾಲೆಂಡರ್ ಹಿಂದೆ, ಗ್ಯಾಸ್ ಬುಕಿಂಗ್ ನಂಬರ್ ಕೆಳಗೆ ಬರೆದುಕೊಂಡಿದ್ದಾಳೆ.

ಹಳೇ ಪ್ಲಗ್‌ಗೆ ಐದಕ್ಕೆ ಎರಡೂವರೆ ಸ್ಟಾರ್, ಹೊಸದಕ್ಕೆ ನಾಲ್ಕು. ಮೊನ್ನೆ ಸಂಪಿನ ಮೋಟರ್‌ಗೂ ಒಂದು ಹಾಕಿಸೋಣ್ವಾ ಅಂತ ಅಮ್ಮನನ್ನು ಕೇಳಿದೆ. "ನಿಮ್ಮ ಮಾವನ ಹತ್ರ ಇರೋ ಡಬ್ಬ ತಂದ್ರೆ ಹಾಕ್ಸು" ಅಂದಳು.