ಗಲ್ಫ್‌ನಲ್ಲಿ ಹೆರಿಗೆಯೇ? ಆಸ್ಪತ್ರೆ ಚೀಟಿಯಲ್ಲೇ ತಾಯಿಯ ಹೆಸರು ನೋಡಿಕೊಳ್ಳಿ
ಗಲ್ಫ್‌ನಲ್ಲಿ ಹೆರಿಗೆಗೆ ದಿನ ಎಣಿಸುತ್ತಿರುವವರು ದಯವಿಟ್ಟು ಇದನ್ನು ಓದಿ, ಗಂಡನಿಗೂ ಓದಿಸಿ. ಮಗಳ ಪಾಸ್‌ಪೋರ್ಟಿಗಾಗಿ ನಾವು ಪಟ್ಟ ಪಾಡು ಇನ್ನೊಬ್ಬ ಬಾಣಂತಿಗೆ ಬೇಡ.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯ ಎಷ್ಟೋ ಜನರದ್ದು ಹಾಗೇ: ಹೆಸರು, ಜೊತೆಗೊಂದು ಇನಿಷಿಯಲ್, ಅಷ್ಟೇ. ಆಸ್ಪತ್ರೆಯವರು ಪಾಸ್‌ಪೋರ್ಟ್ ಪ್ರತಿ ಎದುರಿಗಿಟ್ಟುಕೊಂಡೂ ಜನನದ ಚೀಟಿಯಲ್ಲಿ ನನ್ನ ಹೆಸರಿಗೆ ಗಂಡನ ಸರ್‌ನೇಮ್ ಅಂಟಿಸಿಬಿಟ್ಟರು. ಚೀಟಿ ಇದ್ದದ್ದು ಅರೇಬಿಕ್‌ನಲ್ಲಿ. ಅದರ ಮೇಲೆಯೇ ಜನನ ಪ್ರಮಾಣಪತ್ರ ಆಯಿತು, ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನವರು ಅದನ್ನೇ ಪಾಸ್‌ಪೋರ್ಟ್ ಅರ್ಜಿಗೆ ಇಳಿಸಿದರು. ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ ಕಾಗದ ತಿರುವಿ ಹಾಕಿ "ಎಲ್ಲ ಸರಿ ಇದೆ" ಎಂದು ಫೀಸು ಕಟ್ಟಿಸಿಕೊಂಡು ರಸೀದಿ ಕೊಟ್ಟರು. ವಾರಗಟ್ಟಲೆ ಕಾದ ಮೇಲೆ ಭಾರತದ ಕಾನ್ಸುಲೇಟಿನಿಂದ (ದೂತಾವಾಸ ಕಚೇರಿಯಿಂದ) ಮೆಸೇಜು ಬಂತು: ತಾಯಿಯ ಹೆಸರು ತಾಳೆಯಾಗುತ್ತಿಲ್ಲ, ಅರ್ಜಿ ತಡೆಹಿಡಿಯಲಾಗಿದೆ.

ಕೌಂಟರಿಗೆ ಫೋನ್ ಮಾಡಿದರೆ "ನಾವು ಕಾಗದ ಕಳಿಸೋರು ಅಷ್ಟೇ, ಅಲ್ಲಿ ಕೇಳಿ." ಕಾನ್ಸುಲೇಟಿಗೆ ಮಾಡಿದರೆ "ಕೊಟ್ಟ ಕಡೆಯೇ ವಿಚಾರಿಸಿ." ಹಸುಗೂಸನ್ನು ಎತ್ತಿಕೊಂಡು ಬಾಗಿಲಿಗೆ ಹೋದರೆ, ಅಪಾಯಿಂಟ್‌ಮೆಂಟ್ ಇಲ್ಲ ಎಂದು ಒಳಗೇ ಬಿಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಸ್ವಲ್ಪ ತಡವಾದರೇನು ಎನ್ನಬೇಡಿ. ಪಾಸ್‌ಪೋರ್ಟ್ ಇಲ್ಲದೆ ಮಗುವಿಗೆ ವೀಸಾ ಇಲ್ಲ. ಯುಎಇಯಲ್ಲಾದರೆ ಹುಟ್ಟಿದ 120 ದಿನದೊಳಗೆ ರೆಸಿಡೆನ್ಸ್ ವೀಸಾ ಆಗಬೇಕು, ಮೀರಿದರೆ ದಂಡ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಪೌರತ್ವದ ವಿಷಯ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಇಬ್ಬರೂ ಭಾರತೀಯರೇ ಆಗಿದ್ದರೂ, ತಾನಾಗಿ ಭಾರತದ ಪ್ರಜೆ ಆಗುವುದಿಲ್ಲ. ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಗಲ್ಫ್ ದೇಶಗಳೂ ಪೌರತ್ವ ಕೊಡುವುದಿಲ್ಲ. ಹಾಗಾದರೆ ನನ್ನ ಕೂಸು ಯಾವ ದೇಶದ್ದು?

ಕೊನೆಗೆ ಆಸ್ಪತ್ರೆಯಿಂದ ತಿದ್ದುಪಡಿ ಪತ್ರ ಬರೆಸಿ, ಹೊಸ ಜನನ ಪ್ರಮಾಣಪತ್ರ ಮಾಡಿಸಿ, ಅದರ ಅಟೆಸ್ಟೇಷನ್ನಿಗೆ (ಅಧಿಕೃತ ದೃಢೀಕರಣಕ್ಕೆ) ಮತ್ತೆ ದುಡ್ಡು ಕಟ್ಟಿದೆವು. ಅಷ್ಟಾದರೂ ಅರ್ಜಿ ಅಲ್ಲಾಡಲಿಲ್ಲ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಿದ ಮೇಲೆಯೇ ಕಾನ್ಸುಲೇಟಿನಿಂದ ಲಿಖಿತ ಉತ್ತರ ಬಂದದ್ದು. 2015ರಿಂದ ಇರುವ ಈ ಪೋರ್ಟಲ್ ಬಗ್ಗೆ ಕೌಂಟರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಆಸ್ಪತ್ರೆ ಬಿಡುವ ಮೊದಲೇ ಜನನದ ಚೀಟಿಯನ್ನು ಅರೇಬಿಕ್ ಬಲ್ಲವರಿಗೆ ಕೊಟ್ಟು ಓದಿಸಿ. ಪಾಸ್‌ಪೋರ್ಟಿನ ಹೆಸರಿನ ಜೊತೆ ಒಂದೊಂದು ಅಕ್ಷರ ತಾಳೆ ನೋಡಿ. ಇನಿಷಿಯಲ್ ಬಿಡಿಸಿ ಬರೆದಿದ್ದರೂ ಆಗಲೇ ತಿದ್ದಿಸಿ. ಟೈಪಿಂಗ್ ಸೆಂಟರಿನವರು "ಸರ್‌ನೇಮ್ ಇಲ್ಲದಿದ್ದರೆ ಫಾರ್ಮ್ ಮುಂದೆ ಹೋಗಲ್ಲ" ಎಂದು ಗಂಡನ ಹೆಸರು ತುಂಬಲು ಹೊರಟರೆ ಅಲ್ಲೇ ತಡೆಯಿರಿ. ಕೌಂಟರಿನವರ ಬಾಯಿಮಾತು ನಂಬಿ ಕೂರಬೇಡಿ, ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಮದದ್‌ನಲ್ಲಿ ದೂರು ಕೊಡುವಾಗ ನಮಗೆ ಕೆಲಸಕ್ಕೆ ಬಂದದ್ದು ಅಂಥ ಒಂದು ಇಮೇಲ್ ಮತ್ತು ಆ ರಸೀದಿ.