ಗೀಗಾಲ್ ಹೆಸರು, 10 ಯೂರೋ ಬಾಟಲಿ

ಫ್ರಾನ್ಸಿನ ರೋನ್ ಕಣಿವೆಯ ಆಂಪ್ವಿ ಊರಿನ ಗೀಗಾಲ್ ಮನೆತನದ 'ಲಾ ಮೂಲಿನ್' ಎಂಬ ಕೆಂಪು ವೈನ್ ಹೊಸ ಓಕ್ ಪೀಪಾಯಿಯಲ್ಲಿ 42 ತಿಂಗಳು ಕೂತು ಹೊರಬರುತ್ತದೆ. ಬಾಟಲಿಗೆ ನೂರಾರು ಯೂರೋ. ಅದೇ ಮನೆಯ ಕೆಂಪು ಕೋತ್ ದ್ಯು ರೋನ್ (ಇಡೀ ಕಣಿವೆಯ ಹೆಸರು ಹೊತ್ತ ವೈನ್) ಫ್ರಾನ್ಸಿನಲ್ಲಿ 10 ಯೂರೋ ಆಸುಪಾಸಿಗೆ ಸಿಗುತ್ತದೆ. ಹಾಗಂತ ಇದನ್ನು ಲಾ ಮೂಲಿನ್‌ನ ತಮ್ಮ ಅಂದುಕೊಂಡು ಕೊಳ್ಳಬೇಡಿ. ಲಾ ಮೂಲಿನ್ ಬರುವ ಕಡಿದಾದ ತೋಟಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳೆಗಾರರಿಂದ ವೈನನ್ನೇ ಕೊಂಡು, ರುಚಿ ನೋಡಿ ಬೆರೆಸಿದ ಸರಕು ಇದು. ನೀವು ದುಡ್ಡು ಕೊಡುವುದು ಬೆರೆಸುವ ಕೈಗೆ.

ಆ ಕೈ ಪಳಗಿದ್ದು. ಈ ಬೆಲೆಯ ಕೋತ್ ದ್ಯು ರೋನ್‌ಗಳಲ್ಲಿ ಸಾಮಾನ್ಯವಾಗಿ ಗ್ರೆನಾಶ್ ದ್ರಾಕ್ಷಿಯದೇ ಮೇಲುಗೈ. ಬಾಯಿಗೆ ಜಾಮ್ ಹಾಕಿಕೊಂಡಂತಿರುತ್ತದೆ. ಇಲ್ಲಿ ಅರ್ಧದಷ್ಟು ಸಿರಾ, ಉಳಿದದ್ದು ಬಹುಪಾಲು ಗ್ರೆನಾಶ್, ಚೂರು ಮೂರ್ವೆದ್ರ್. ಅದಕ್ಕೇ ಮೂಗಿಗೆ ಮೊದಲು ಬರುವುದು ಕಾಳುಮೆಣಸು, ಆಮೇಲೆ ಕಪ್ಪು ಹಣ್ಣು. ಒಗರು ಇದೆ, ನಾಲಿಗೆಗೆ ಅಂಟುವಷ್ಟಿಲ್ಲ.

ಕೆಡುವುದು ಬಡಿಸುವಾಗ. 28 ಡಿಗ್ರಿ ಕೋಣೆಯಲ್ಲಿಟ್ಟ ಬಾಟಲಿ ಬಗ್ಗಿಸಿದರೆ ಸ್ಪಿರಿಟ್ ವಾಸನೆ ಹಣ್ಣನ್ನು ಮುಚ್ಚಿಬಿಡುತ್ತದೆ. ಬೇಕಾದ್ದು 16–17 ಡಿಗ್ರಿ: ಫ್ರಿಜ್‌ನಲ್ಲಿ ಸುಮಾರು ಒಂದೂವರೆ ಗಂಟೆ, ಇಲ್ಲವೇ ಐಸು-ನೀರಿನ ಬಕೆಟ್ಟಿನಲ್ಲಿ ಹತ್ತು ಹನ್ನೆರಡು ನಿಮಿಷ. ತಳದಲ್ಲಿ ಕಾಫಿ ಗಸಿಯಂಥದ್ದು ಕಂಡರೆ ಗಾಬರಿ ಬೇಡ, ಕೊನೆಯ ಎರಡು ಬೆರಳಷ್ಟು ಬಿಟ್ಟು ಬಗ್ಗಿಸಿ. ಪೆಪ್ಪರ್ ಮಟನ್‌ಗೆ ಒಗ್ಗುತ್ತದೆ. ಹಸಿಮೆಣಸಿನಕಾಯಿ ಖಾರದ ಜತೆ ಮಾತ್ರ ಇದರ ಆಲ್ಕೋಹಾಲು ಉರಿಗೆ ಎಣ್ಣೆ ಹೊಯ್ದಂತೆ.

ಇನ್ನೂ ಅಗ್ಗ ಬೇಕೆಂದರೆ ರೋನ್‌ನ ಹೆಸರಾಂತ ವೈನ್ ತೋಟ ಬೋಕಾಸ್ತೆಲ್‌ನ ಪೆರಾಂ ಕುಟುಂಬದ ಕೋಳಿ ಚಿತ್ರದ 'ಲಾ ವಿಯೇ ಫೆರ್ಮ್' ಇದೆ. ಮೊದಲು ಲೇಬಲ್ ಮೇಲೆ ವಾಂತು ಎಂಬ ಪ್ರದೇಶದ ಹೆಸರಿತ್ತು, ಈಗ ಬರೀ 'ವ್ಯಾಂ ದ ಫ್ರಾನ್ಸ್', ಅಂದರೆ ಫ್ರಾನ್ಸಿನ ವೈನ್. ಹಗುರ, ತಣ್ಣಗೆ ಕುಡಿಯಬಹುದು, ಕೂಡಿಡುವಂಥದ್ದಲ್ಲ. ರೋನ್‌ನದೇ ಇನ್ನೊಂದು ವೈನ್ ಮನೆ ಷಾಪೂತಿಯೇಯ 'ಬೆಲ್‌ರೂಷ್' ಗ್ರೆನಾಶ್-ಸಿರಾ ಬೆರಕೆ. ಗೀಗಾಲ್‌ಗಿಂತ ದುಂಡಗೆ, ಮೆಣಸು ಕಡಿಮೆ. ಅದರ ಲೇಬಲ್ ಮೇಲೆ ಬೆರಳಾಡಿಸಿದರೆ ಬ್ರೈಲ್ ಚುಕ್ಕಿಗಳು ಸಿಗುತ್ತವೆ, 1996ರಿಂದ ಆ ಮನೆಯ ಪದ್ಧತಿ.

ಯಾವುದೇ ಇರಲಿ, ಅಂಗಡಿಯಲ್ಲಿ ಕೊಳ್ಳುವಾಗ ಬಾಟಲಿಯ ಕುತ್ತಿಗೆ ನೋಡಿ. ಕಾರ್ಕ್ ಬಾಯಿಗಿಂತ ಮೇಲೆ ಉಬ್ಬಿದ್ದರೆ, ಹೊದಿಕೆಯ ಕೆಳಗೆ ಜಿಗುಟು ಕಲೆಯಿದ್ದರೆ ಬಾಟಲಿ ಎಲ್ಲೋ ಬಿಸಿಲಲ್ಲಿ ಬೆಂದಿದೆ. ಆಫರ್ ಬೆಲೆಗೆ ಕೊಟ್ಟರೂ ತರಬೇಡಿ.