ಮೂಗಿನ ಪೈಪೋ, ಹೊಟ್ಟೆಯ ಪೈಪೋ?

ಪಾರ್ಶ್ವವಾಯು ಹೊಡೆದು ಅಜ್ಜನಿಗೆ ನುಂಗಲಾಗದೆ, ನೀರು ಕುಡಿದರೂ ನೆತ್ತಿಗೇರುತ್ತಿದ್ದರೆ ಸಾಮಾನ್ಯವಾಗಿ ಮೊದಲು ಹಾಕುವುದು ಮೂಗಿನ ಪೈಪ್, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸಿ ಆಹಾರ ಕೊಡುವ ರೈಲ್ಸ್ ಟ್ಯೂಬ್. ಆಪರೇಷನ್ ಬೇಡ, ಖರ್ಚೂ ಕಡಿಮೆ. 4ರಿಂದ 6 ವಾರದೊಳಗೆ ನುಂಗುವ ಶಕ್ತಿ ಮರಳುವ ಭರವಸೆ ಇದ್ದರೆ ನನ್ನ ಪ್ರಕಾರ ಇದೇ ಸಾಕು. ಆದರೆ ಕಿರಿಕಿರಿಯಾಗಿ ರೋಗಿಯೇ ಕಿತ್ತುಹಾಕುವುದುಂಟು. ಸಕಲೇಶಪುರದಾಚೆಯ ತೋಟದ ಮನೆಯಿಂದ ಮಳೆಗಾಲದ ರಾತ್ರಿ ಮತ್ತೆ ಹಾಸನದ ಆಸ್ಪತ್ರೆಗೆ ಹೊರಡುವುದು ಏನೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಪೈಪ್ ಪೂರ್ತಿ ಬರದೆ ಸ್ವಲ್ಪ ಜಾರಿದ್ದರೆ ಅದು ಇನ್ನೂ ಅಪಾಯ, ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಮೂಗಿನ ಹತ್ತಿರ ಪೈಪಿನ ಮೇಲಿರುವ ಗುರುತು ಸರಿದಿದ್ದರೆ ನೀರನ್ನೂ ಹಾಕಬಾರದು.

ಹೊಟ್ಟೆಯ ಪೈಪನ್ನು (ಡಾಕ್ಟರು ಪೆಗ್ ಅನ್ನುತ್ತಾರೆ) ಎಂಡೋಸ್ಕೋಪಿ ಮಾಡಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುತ್ತಾ) ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಕೂರಿಸುತ್ತಾರೆ. ತಿಂಗಳುಗಟ್ಟಲೆ ಬಾಳುತ್ತದೆ, ಅಂಗಿಯೊಳಗೆ ಮರೆಯಾಗುತ್ತದೆ, ಮುಖದ ಮೇಲೆ ಪಟ್ಟಿ ಇರುವುದಿಲ್ಲ. ರಂಧ್ರದ ಸುತ್ತ ಕೀವಾಗದಂತೆ ನೋಡಿಕೊಳ್ಳಬೇಕು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಹಾಕಿಸಿದ ಹೊಸದರಲ್ಲಿ ಕಿತ್ತುಬಂದರೆ ಮನೆಯಲ್ಲಿ ತೂರಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ.

‘ಪೈಪ್ ಹಾಕಿಸಿದರೆ ನೆತ್ತಿಗೇರುವ ಭಯವೇ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಎರಡರಲ್ಲೂ ಜೊಲ್ಲು ಶ್ವಾಸಕೋಶಕ್ಕೆ ಇಳಿಯಬಹುದು, ಹೊಟ್ಟೆಯದ್ದು ಮೇಲೆ ಬರಬಹುದು. ಹಾಗಾಗಿ ಊಟ ಹಾಕುವಾಗಲೂ ಆಮೇಲೆ ಅರ್ಧದಿಂದ ಒಂದು ಗಂಟೆಯೂ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರವಿರಲಿ. ಬಾಯಿಂದ ಉಣ್ಣದಿದ್ದರೂ ದಿನವೂ ಬಾಯಿ ಸ್ವಚ್ಛ ಮಾಡಿ.

ಮರೆವಿನ ಕಾಯಿಲೆಯ ಕೊನೆಯ ಹಂತದವರ ವಿಷಯ ಬೇರೆ. ಅಲ್ಲಿ ಪೈಪಿನಿಂದ ಆಯಸ್ಸು ಹೆಚ್ಚುವುದಕ್ಕೆ ಪುರಾವೆ ಇಲ್ಲ. ಕೂರಿಸಿ, ಚಮಚದಲ್ಲಿ ತುಸುತುಸುವೇ, ಅವಸರಿಸದೆ ತಿನ್ನಿಸುವುದನ್ನೇ ತಜ್ಞರು ಹೇಳುತ್ತಾರೆ.